ಪದ ಪರಿಚಯ: ಡಂಬ್‌ಫೋನ್

ಕರೆ, ಎಸ್ಸೆಮ್ಮೆಸ್, ಅಲಾರಂ, ಹೆಚ್ಚೆಂದರೆ ಟಾರ್ಚು, ಎಫ್‌ಎಂ ರೇಡಿಯೊ. ಇಷ್ಟಕ್ಕೇ ನಿಲ್ಲುವ ಮೊಬೈಲನ್ನು ಡಂಬ್‌ಫೋನ್ ಎನ್ನುತ್ತಾರೆ. ಕೀಪ್ಯಾಡ್ ಫೋನ್, ಬಟನ್ ಸೆಟ್ ಎಂದು ಕರೆಯುವುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಬಟನ್ ಇದ್ದ ಮಾತ್ರಕ್ಕೆ ಅದು ಡಂಬ್‌ಫೋನ್ ಆಗುವುದಿಲ್ಲ. ಕೈಓಎಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ಕೀಪ್ಯಾಡ್ ಸೆಟ್‌ಗಳಲ್ಲಿ ಬ್ರೌಸರ್ ಇರುತ್ತದೆ, ವಿಡಿಯೊ ಓಡುತ್ತದೆ. 2019ರಲ್ಲಿ ಬಂದ ಲೈಟ್ ಫೋನ್ 2 ಟಚ್‌ಸ್ಕ್ರೀನಿನದ್ದು, ಅದರಲ್ಲಿ ಬ್ರೌಸರೇ ಇಲ್ಲ. ಕೊಳ್ಳುವಾಗ ನೋಡಬೇಕಾದದ್ದು ಏನಿದೆ ಎಂಬುದನ್ನಲ್ಲ, ಏನಿಲ್ಲ ಎಂಬುದನ್ನು.

ಮೊದಲ ಪರೀಕ್ಷೆ ನೆಟ್‌ವರ್ಕಿನದು. ಹಲವು ದೇಶಗಳಲ್ಲಿ 2ಜಿ, 3ಜಿ ಎರಡೂ ನಿಂತಿವೆ, ಇಲ್ಲವೇ ನಿಲ್ಲುವ ಹಂತದಲ್ಲಿವೆ. ಅಂಥ ಕಡೆ 4ಜಿ ಎಂದು ಬರೆದಿದ್ದರೆ ಸಾಲದು, ವೋಲ್ಟಿ (4ಜಿ ಜಾಲದಲ್ಲೇ ಕರೆ ಮಾಡುವ ಸೌಲಭ್ಯ) ಇರಬೇಕು, ಅದೂ ನಿಮ್ಮ ಸಿಮ್ ಕಂಪನಿಯ ಜಾಲದಲ್ಲಿ ಕೆಲಸ ಮಾಡಬೇಕು. ಇಲ್ಲದಿದ್ದರೆ ಸಿಗ್ನಲ್ ಕಡ್ಡಿಗಳು ತುಂಬಿದ್ದರೂ ಕರೆ ಹೋಗುವುದಿಲ್ಲ. ಕಪಾಟಿನಲ್ಲಿದ್ದ ಹಳೆಯ ಸೆಟ್ಟನ್ನು ಹೊರತೆಗೆಯುವವರು ಎಡವುವುದು ಇಲ್ಲೇ. ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಬಳಸುತ್ತಿದ್ದರೆ ಭೌತಿಕ ಸಿಮ್‌ಗೆ ಬದಲಿಸಿಕೊಳ್ಳಬೇಕಾದೀತು. ಹೊಸ ಸೆಟ್ಟಿನ ಸಿಮ್ ಜಾಗ ದೊಡ್ಡದಿದ್ದರೆ ನ್ಯಾನೊ ಸಿಮ್‌ಗೆ ಅಡಾಪ್ಟರ್ ಬೇಕು.

ಈಗಿನ ಸ್ಮಾರ್ಟ್‌ಫೋನಿನಿಂದ ಸಿಮ್ ತೆಗೆಯುವ ಮುನ್ನ ಮಾಡಬೇಕಾದ ಕೆಲಸಗಳೇ ಹೆಚ್ಚು. ಐಫೋನ್ ಆದರೆ ಐಮೆಸೇಜನ್ನು, ಆಂಡ್ರಾಯ್ಡ್ ಆದರೆ ಮೆಸೇಜ್ ಆ್ಯಪಿನ ಆರ್‌ಸಿಎಸ್ ಅನ್ನು ಆಫ್ ಮಾಡಿ. ಇವೆರಡೂ ಎಸ್ಸೆಮ್ಮೆಸ್ ಬದಲು ಇಂಟರ್ನೆಟ್ ಮೂಲಕ ಸಂದೇಶ ಸಾಗಿಸುತ್ತವೆ. ಮರೆತರೆ ಕೆಲವರು ಕಳಿಸಿದ ಸಂದೇಶ ಇಂಟರ್ನೆಟ್ ದಾರಿಯಲ್ಲೇ ಹೋಗಿ ಹಳೆಯ ಫೋನಿನ ಹೆಸರಿನಲ್ಲಿ ಕಾಯುತ್ತ ಕೂರುತ್ತದೆ, ನಿಮಗೆ ತಲುಪುವುದಿಲ್ಲ. ಮೂವತ್ತು ಸೆಕೆಂಡಿಗೊಮ್ಮೆ ಆರಂಕಿಯ ಕೋಡ್ ಬದಲಿಸುವ ಅಥೆಂಟಿಕೇಟರ್ ಆ್ಯಪ್ ಇದ್ದರೆ ಅದನ್ನು ಕಂಪ್ಯೂಟರಿಗೋ ಭದ್ರತಾ ಕೀಗೋ (ಲಾಗಿನ್‌ಗೆ ಬಳಸುವ ಪುಟ್ಟ ಯುಎಸ್‌ಬಿ ಸಾಧನ) ವರ್ಗಾಯಿಸಿ, ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಡಿ. ಆ ಕೋಡ್ ಕೇಳುವ ಖಾತೆಗಳಿಗೆ ಒಮ್ಮೆ ಲಾಗಿನ್ ಆಗಿ ನೋಡಿದ ಮೇಲಷ್ಟೇ ಹಳೆಯ ಫೋನ್ ರೀಸೆಟ್ ಮಾಡಿ. ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿಗೆ ಈ ಕಾಟವಿಲ್ಲ.

ಕಾಂಟ್ಯಾಕ್ಟ್‌ಗಳನ್ನು ವಿಸಿಎಫ್ ಫೈಲ್ (ಹೆಸರು, ನಂಬರ್‌ಗಳನ್ನು ಸಾಗಿಸುವ ಸಾಮಾನ್ಯ ಫೈಲ್ ರೂಪ) ಮಾಡಿ ಬ್ಲೂಟೂತ್ ಅಥವಾ ಮೆಮೊರಿ ಕಾರ್ಡ್ ಮೂಲಕ ಸಾಗಿಸುವುದು ವಾಸಿ. ಸಿಮ್‌ಗೆ ನಕಲಿಸಿದರೆ ಉದ್ದ ಹೆಸರುಗಳು ತುಂಡಾಗುತ್ತವೆ, ಒಬ್ಬರಿಗೆ ಎರಡು ನಂಬರ್ ಇದ್ದರೆ ಎರಡು ಬೇರೆ ಹೆಸರಾಗಿ ಕೂರುತ್ತವೆ. ಸೆಟ್ಟಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೆ ಕನ್ನಡದ ಹೆಸರುಗಳು ಬರೀ ಚೌಕಗಳಾಗಿ ಕಾಣುತ್ತವೆ.

ಎಸ್ಸೆಮ್ಮೆಸ್ಸಿನ ಲೆಕ್ಕ ಕನ್ನಡಿಗರಿಗೆ ತುಸು ದುಬಾರಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ನಡುವೆ ಒಂದೇ ಒಂದು ಕನ್ನಡ ಅಕ್ಷರವೋ ಎಮೋಜಿಯೋ ಸೇರಿದರೂ ಸಾಮಾನ್ಯವಾಗಿ ಇಡೀ ಸಂದೇಶ ಎಲ್ಲ ಭಾಷೆಗಳ ಲಿಪಿ ಹಿಡಿಸುವ ಯೂನಿಕೋಡಿಗೆ ತಿರುಗಿ ಮಿತಿ 70ಕ್ಕೆ ಇಳಿಯುತ್ತದೆ. ಅದನ್ನೂ ಮೀರಿದರೆ 67ರ ತುಂಡುಗಳಾಗಿ ಹೋಗುತ್ತದೆ, ಪ್ರತಿ ತುಂಡಿಗೂ ಬೇರೆ ಶುಲ್ಕ ಬೀಳಬಹುದು. ಒತ್ತಕ್ಷರ, ಗುಣಿತಗಳೂ ಲೆಕ್ಕಕ್ಕೆ ಬರುತ್ತವೆ: ‘ಸ್ತ್ರೀ’ ಕಣ್ಣಿಗೆ ಒಂದಕ್ಷರ, ಎಸ್ಸೆಮ್ಮೆಸ್ಸಿಗೆ ಆರು. ಅಂದಹಾಗೆ, ಎಸ್ಸೆಮ್ಮೆಸ್‌ಗೆ ತುದಿಯಿಂದ ತುದಿಯವರೆಗೆ ಗೂಢಲಿಪಿಯ ರಕ್ಷಣೆ ಇಲ್ಲ, ಪಾಸ್‌ವರ್ಡ್ ಕಳಿಸಬೇಡಿ.

ವಾಟ್ಸ್ಆ್ಯಪ್ ಪೂರ್ತಿ ಬಿಡಲಾಗದವರು ಹಳೆಯ ಸ್ಮಾರ್ಟ್‌ಫೋನನ್ನು ಸಿಮ್ ಇಲ್ಲದೆ ಮನೆಯ ವೈಫೈಗೆ ಜೋಡಿಸಿಟ್ಟು, ಕಂಪ್ಯೂಟರಿನಲ್ಲಿ ಲಿಂಕ್ ಮಾಡಿ ಓದುತ್ತಾರೆ. ಫೋನಿನಲ್ಲಿ ಸಿಮ್ ಇರಲೇಬೇಕೆಂಬ ನಿಯಮ ಇಲ್ಲದ ಕಡೆ ಇದು ನಡೆಯುತ್ತದೆ, ಆದರೆ 14 ದಿನಕ್ಕಿಂತ ಹೆಚ್ಚು ಕಾಲ ಆ ಫೋನಿನಲ್ಲಿ ವಾಟ್ಸ್ಆ್ಯಪ್ ತೆರೆಯದೇ ಬಿಟ್ಟರೆ ಕಂಪ್ಯೂಟರಿನ ಲಿಂಕ್ ಕಡಿದುಹೋಗುತ್ತದೆ. ವಾರಕ್ಕೊಮ್ಮೆ ಚಾರ್ಜ್ ಮಾಡಿ ತೆರೆದರೆ ಸಾಕು. ಖಾತೆಯೇ ಬೇಡವೆಂದರೆ ಆ್ಯಪ್ ಅಳಿಸಿ ಸುಮ್ಮನಾಗಬೇಡಿ, ಸೆಟ್ಟಿಂಗ್ಸಿನೊಳಗೆ ಹೋಗಿ ಖಾತೆಯನ್ನೇ ಡಿಲೀಟ್ ಮಾಡಿ. ಇಲ್ಲದಿದ್ದರೆ ಗುಂಪುಗಳಲ್ಲಿ ನಿಮ್ಮ ಹೆಸರು ತಿಂಗಳುಗಟ್ಟಲೆ ಉಳಿದು, ಸಂದೇಶ ಹಾಕಿದವರು ನೀವು ಓದಿದ್ದೀರಿ ಎಂದೇ ತಿಳಿದಿರುತ್ತಾರೆ.