ಸಲಹೆ ಪೆಟ್ಟಿಗೆಯ ಬೀಗ ತೆಗೆಯುವವರು ಯಾರು?

ಉದ್ಯೋಗಿಗಳು ಹೊಸದಾಗಿ ಯೋಚಿಸಬೇಕು ಎಂದು ಇವತ್ತು ಎಲ್ಲ ಕಂಪನಿಗಳೂ ಹೇಳುತ್ತವೆ. ಈ ಮಾತಿಗೆ ನೂರನಲವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ. ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಹಡಗು ಕಟ್ಟುತ್ತಿದ್ದ ಡೆನ್ನಿ ಕಂಪನಿ, ಹೊಸ ಉಪಕರಣವನ್ನೋ ವಿಧಾನವನ್ನೋ ಕಂಡುಹಿಡಿದ ಕಾರ್ಮಿಕರಿಗೆ ಬಹುಮಾನ ಕೊಡಲು ಶುರುಮಾಡಿದ್ದು 1880ರಲ್ಲಿ.

ಕೆಲಸಗಾರರಿಂದ ಸಲಹೆ ಕೇಳುವ ಈ ಪದ್ಧತಿ ಅಮೆರಿಕದಲ್ಲಿ ಬಂದದ್ದು ಪೆಟ್ಟು ತಿಂದ ಮೇಲೆ. 1894ರಲ್ಲಿ ಓಹಾಯೋದ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿ ಇಂಗ್ಲೆಂಡಿಗೆ ಕಳಿಸಿದ್ದ ಸುಮಾರು 50,000 ಡಾಲರ್ ಬೆಲೆಯ ಗಲ್ಲಾ ಯಂತ್ರಗಳು ಕೆಟ್ಟಿವೆ ಎಂದು ವಾಪಸ್ ಬಂದವು. ಮಾಲೀಕ ಜಾನ್ ಪ್ಯಾಟರ್ಸನ್ ತನ್ನ ಮೇಜನ್ನೇ ಕಾರ್ಖಾನೆಯೊಳಗೆ ಹಾಕಿಸಿಕೊಂಡು ಕೂತರು. ಅಲ್ಲಿ ಕೆಲಸಗಾರರ ಸಿಟ್ಟೂ ಕಂಡಿತು, ಅವರು ದುಡಿಯುತ್ತಿದ್ದ ಕತ್ತಲೆ, ಕೊಳೆಯೂ ಕಂಡವು. ಸಲಹೆ ಯಾಕೆ ಕೊಡುವುದಿಲ್ಲ ಎಂದು ಕೇಳಿದ್ದಕ್ಕೆ, ಕೊಟ್ಟರೆ ಅದರ ಕೀರ್ತಿ ಮೇಸ್ತ್ರಿಗೆ ಹೋಗುತ್ತದೆ ಎಂಬ ಉತ್ತರ ಬಂತಂತೆ. ಆ ವರ್ಷವೇ ಅಲ್ಲಿ ಸಲಹೆ ಪದ್ಧತಿ ಜಾರಿಗೆ ಬಂತು. 1898ರಲ್ಲಿ ಕೊಡಾಕ್ ಕಂಪನಿ ಕೊಟ್ಟ ಮೊದಲ ಬಹುಮಾನ 2 ಡಾಲರ್. ಕಿಟಕಿಯ ಗಾಜು ತೊಳೆಸಿದರೆ ಬೆಳಕು ಚೆನ್ನಾಗಿ ಬರುತ್ತದೆ ಎಂದು ಹೇಳಿದ ಕಾರ್ಮಿಕನಿಗೆ ಅದು ಸಂದಿತು. ಗಾಜು ಕೊಳೆಯಾಗಿದ್ದು ದಿನವೂ ಅಲ್ಲಿ ನಿಂತು ಕೆಲಸ ಮಾಡುವವನಿಗೆ ಗೊತ್ತಿರುತ್ತದೆ, ಮೇಲಿನವರಿಗೆ ಅಲ್ಲ. ಈ ಇಡೀ ವಿಷಯದ ತಿರುಳು ಇಷ್ಟೇ ಎಂಬುದು ನನ್ನ ನಂಬಿಕೆ.

ಅದನ್ನು ಪೂರ್ತಿ ಅರ್ಥಮಾಡಿಕೊಂಡದ್ದು ಜಪಾನಿನ ಟೊಯೋಟಾ. 1950ರಲ್ಲಿ ಅದು ದಿವಾಳಿಯ ಅಂಚಿನಲ್ಲಿತ್ತು. ಮುಷ್ಕರ ನಡೆಯಿತು, ಒಂದೂವರೆ ಸಾವಿರಕ್ಕೂ ಹೆಚ್ಚು ಜನ ಕೆಲಸ ಬಿಟ್ಟರು, ಅದರ ಹೊಣೆ ಹೊತ್ತು ಅಧ್ಯಕ್ಷ ಕಿಯಿಚಿರೋ ಟೊಯೋಡಾ ರಾಜೀನಾಮೆ ಕೊಟ್ಟರು. ಅದೇ ವರ್ಷ ಅಮೆರಿಕದ ಫೋರ್ಡ್ ಕಾರ್ಖಾನೆಗೆ ಹೋದ ಕಂಪನಿಯ ಹಿರಿಯರಾದ ಏಜಿ ಟೊಯೋಡಾ ಮತ್ತು ಶೋಯಿಚಿ ಸೈಟೊ ಅಲ್ಲಿನ ಸಲಹೆ ಪದ್ಧತಿಯನ್ನು ನೋಡಿಕೊಂಡು ಬಂದರು. 1951ರಲ್ಲಿ ಟೊಯೋಟಾದಲ್ಲೂ ಅದು ಶುರುವಾಯಿತು. ಆದರೆ ನಡೆಸುವ ರೀತಿ ಬೇರೆಯಾಯಿತು. ಲಾಭ ತರುವ ದೊಡ್ಡ ಉಪಾಯಕ್ಕೆ ದೊಡ್ಡ ಬಹುಮಾನ ಎಂಬುದು ಅಮೆರಿಕದ ಲೆಕ್ಕ. ಟೊಯೋಟಾ ಸಣ್ಣದನ್ನೇ ಕೇಳಿತು. ಬೋಲ್ಟಿನ ಡಬ್ಬಿಯನ್ನು ಕೈಗೆಟಕುವ ಕಡೆ ಇಡುವುದೂ ಸಲಹೆಯೇ. ಚೀಟಿ ತುಂಬಲು ಮೇಲ್ವಿಚಾರಕನೇ ನೆರವಾಗುತ್ತಾನೆ, ಸಾಧ್ಯವಾದರೆ ಅಲ್ಲೇ ಮಾಡಿ ನೋಡುತ್ತಾರೆ. ಬಹುಮಾನ ಐನೂರು ಯೆನ್‌ನಿಂದ ಶುರು, ಅಂದರೆ ಒಂದು ಊಟದ ದುಡ್ಡು. 1980ರ ದಶಕದ ನಡುವಿನ ಹೊತ್ತಿಗೆ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಸಲಹೆಗಳು ಬರುತ್ತಿದ್ದವು, ಬಹುಪಾಲು ಜಾರಿಯೂ ಆಗುತ್ತಿದ್ದವು. ಹೇಳಿದ್ದಕ್ಕೆ ಉತ್ತರ ಸಿಗುತ್ತದೆ ಎಂದು ಖಾತ್ರಿಯಾದರೆ ಜನ ಮತ್ತೆ ಮತ್ತೆ ಹೇಳುತ್ತಾರೆ.

ನಮ್ಮಲ್ಲಿ ಜಮ್ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ 1932ರಲ್ಲೇ ಸಲಹೆ ಪೆಟ್ಟಿಗೆ ಇಟ್ಟಿತ್ತು. 1980ರ ದಶಕದ ಆರಂಭದಲ್ಲಿ ವಿದ್ಯುತ್ ಯಂತ್ರಗಳನ್ನು ತಯಾರಿಸುವ ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನ ಹೈದರಾಬಾದ್ ಘಟಕದ ಮೂಲಕ ಕ್ವಾಲಿಟಿ ಸರ್ಕಲ್ ಬಂತು. ಒಂದೇ ವಿಭಾಗದ ಏಳೆಂಟು ಜನ ಕೂತು ತಮ್ಮ ಕೆಲಸದ ತೊಡಕನ್ನು ತಾವೇ ಬಿಡಿಸಿಕೊಳ್ಳುವ ಕ್ರಮ ಅದು. 1999ರ ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಾರ್ಖಾನೆಯೇ ವಾಹನ ತಯಾರಿಕೆ ಆರಂಭಿಸಿತು. ಕೆಲಸವನ್ನು ದಿನವೂ ಸ್ವಲ್ಪ ಸ್ವಲ್ಪ ಸುಧಾರಿಸುತ್ತ ಹೋಗುವುದು ಎಂಬ ಅರ್ಥದ ಕೈಜೆನ್ ಎಂಬ ಜಪಾನಿ ಮಾತು ಈಗ ಪೀಣ್ಯದ ಸಣ್ಣ ವರ್ಕ್‌ಶಾಪಿನ ಗೋಡೆಯ ಮೇಲೂ ಕಾಣುತ್ತದೆ.

ಗೋಡೆಯ ಮೇಲೆ ಬರೆಸುವುದು ಸುಲಭ. ಕಷ್ಟದ್ದು ಎರಡು. ಒಂದು, ಸಲಹೆ ಪೆಟ್ಟಿಗೆಯ ಬೀಗ ತೆಗೆದು ಚೀಟಿ ಓದಿ, ಆಗುತ್ತದೋ ಇಲ್ಲವೋ, ಯಾಕೆ ಎಂದು ಬರೆದವರ ಎದುರು ನಿಂತು ಹೇಳುವುದು. ಒಂದೆರಡು ದಿನದಲ್ಲೇ ಹೊಸದೇನನ್ನಾದರೂ ಮಾಡಿ ತೋರಿಸುವ ಸಾಫ್ಟ್‌ವೇರ್ ಕಚೇರಿಯ ಸ್ಪರ್ಧೆ, ಹ್ಯಾಕಥಾನ್‌ಗೂ ಇದೇ ಮಾತು ಸಲ್ಲುತ್ತದೆ. ರಾತ್ರಿಯಿಡೀ ಕೂತು ಮಾಡಿದ್ದು ಸೋಮವಾರ ಯಾರ ಕೈಗೆ ಹೋಯಿತು ಎಂದು ಗೊತ್ತಾಗದಿದ್ದರೆ ಮುಂದಿನ ವರ್ಷ ಅದೇ ಹುಡುಗರು ಬರುವುದಿಲ್ಲ. ಇನ್ನೊಂದು, ನನ್ನ ಉಪಾಯದಿಂದ ಪಕ್ಕದವನ ಕೆಲಸ ಹೋದೀತು, ಪ್ರಯೋಗ ಕೆಟ್ಟರೆ ನನ್ನದೇ ಹೋದೀತು ಎಂಬ ಭಯ ತೆಗೆಯುವುದು. ಈ ಎರಡನೆಯದಕ್ಕೆ ಟಾಟಾ ಸಮೂಹ ಒಂದು ದಾರಿ ಹುಡುಕಿದೆ. ಸಮೂಹದ ಕಂಪನಿಗಳ ಹೊಸ ಉಪಾಯಗಳಿಗಾಗಿ ನಡೆಯುವ ಅದರ ಇನೊವಿಸ್ಟಾ ಸ್ಪರ್ಧೆಯಲ್ಲಿ 'ಡೇರ್ ಟು ಟ್ರೈ' (ಪ್ರಯತ್ನಿಸುವ ಧೈರ್ಯ ಮಾಡಿ) ಎಂಬ ವಿಭಾಗವಿದ್ದು, ಪ್ರಾಮಾಣಿಕವಾಗಿ ಪ್ರಯತ್ನಿಸಿ ಸೋತವರನ್ನು ವೇದಿಕೆಗೆ ಕರೆದು ಪ್ರಶಸ್ತಿ ಕೊಡುತ್ತಾರೆ.