ಹಸಿರು ಬಣ್ಣದಡಿ ಮುಚ್ಚಿಹೋದ ಹೆಸರುಗಳು

ಬಿಳಿಗಿರಿರಂಗನ ಬೆಟ್ಟವನ್ನು ಮೊಬೈಲಿನ ನಕ್ಷೆಯಲ್ಲಿ ತೆರೆದು ನೋಡಿ. ದೇವಸ್ಥಾನ, ರಸ್ತೆ, ಒಂದೆರಡು ವಸತಿಗೃಹ, ಅಲ್ಲೊಂದು ಇಲ್ಲೊಂದು ಪೋಡು, ಅಂದರೆ ಈ ಕಾಡಿನ ಮೂಲನಿವಾಸಿಗಳಾದ ಸೋಲಿಗರ ಊರು. ಉಳಿದದ್ದೆಲ್ಲ ಬರೀ ಹಸಿರು. ಕಾಡಿನೊಳಗೆ ಹೆಸರಿಡುವಂಥದ್ದು ಏನಿದೆ ಎಂದು ಓದುಬರಹ ಬಲ್ಲವರೂ ಕೇಳುತ್ತಾರೆ. ಈ ಪ್ರಶ್ನೆ ಕೇಳಿದಾಗಲೆಲ್ಲ ನನ್ನ ತಾಳ್ಮೆ ಕೆಡುತ್ತದೆ. ಆ ಹಸಿರಿನೊಳಗಿನ ಹಳ್ಳಗಳಿಗೆ, ದಿಣ್ಣೆಗಳಿಗೆ, ಬಂಡೆಗಳಿಗೆ ಸೋಲಿಗರ ಬಾಯಲ್ಲಿ ತಲೆಮಾರುಗಳಿಂದ ಹೆಸರುಗಳಿವೆ. ನಕ್ಷೆ ಮಾಡಿದವರು ಅವರನ್ನು ಕೇಳಲಿಲ್ಲ, ಅಷ್ಟೇ.

ಸೋಲಿಗರ ಲೆಕ್ಕದಲ್ಲಿ ಕಾಡು ಕುಲಗಳ ನಡುವೆ ಹಂಚಿಕೆಯಾಗಿದೆ. ಒಂದೊಂದು ಕುಲದ ನೆಲಕ್ಕೆ ಯೆಲ್ಲೆ ಎನ್ನುತ್ತಾರೆ. ಯೆಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಐದು ಬಗೆಯ ಪವಿತ್ರ ನೆಲೆಗಳಿರುತ್ತವೆ. ಬೆಂಗಳೂರಿನ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆಯಲ್ಲಿ ಕಾಡು ಸುತ್ತಿ, ಜಿಪಿಎಸ್ ಹಿಡಿದು ಇಂಥ ನಾನೂರಕ್ಕೂ ಹೆಚ್ಚು ನೆಲೆಗಳನ್ನು ಗುರುತಿಸಿ ನಕ್ಷೆಗೆ ಇಳಿಸಿದರು. ಕಾಡಿನ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್. ಅಂದರೆ ಹೆಚ್ಚುಕಡಿಮೆ ಚದರ ಕಿಲೋಮೀಟರಿಗೊಂದು ನೆಲೆ! ನಿರ್ಜನ ಅರಣ್ಯ ಎಂಬ ಮಾತು ಈ ಒಂದು ಲೆಕ್ಕಕ್ಕೇ ಬಿದ್ದುಹೋಗುತ್ತದೆ.

ಆ ನಕ್ಷೆ ಗೋಡೆಗೆ ತೂಗುಹಾಕಲು ಮಾಡಿದ್ದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನೂ ಪವಿತ್ರ ಸ್ಥಳಗಳನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. 2011ರ ಆರಂಭದಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹೆಸರು ಗೊತ್ತಿರುವುದು ಇಲ್ಲಿ ನಿಂತು ಬಾಳಿದ್ದಕ್ಕೆ ಪುರಾವೆಯೂ ಹೌದು.

ಹೆಸರು ತಪ್ಪುವುದು ಹೇಗೆ ಎಂಬುದಕ್ಕೆ ಇನ್ನೂರು ವರ್ಷಗಳ ಹಿಂದಕ್ಕೆ ಹೋಗಬೇಕು. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು, ನೆಲವನ್ನು ತ್ರಿಕೋನಗಳಲ್ಲಿ ಅಳೆಯುವ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಕೈಹಚ್ಚಿದ. ಅರ್ಧ ಟನ್ ತೂಗುವ ಥಿಯೋಡಲೈಟನ್ನು ಬೆಟ್ಟದಿಂದ ಬೆಟ್ಟಕ್ಕೆ ಹೊತ್ತು ಕೋನ ಅಳೆದರು. ಶಿಖರದ ಜಾಗವೇನೋ ಕರಾರುವಾಕ್ಕಾಗಿ ಸಿಕ್ಕಿತು. ಅದರ ಹೆಸರು ಹೇಳುವ ಉಪಕರಣ ಮಾತ್ರ ಯಾರ ಬಳಿಯೂ ಇರಲಿಲ್ಲ. ಪಕ್ಕದಲ್ಲಿ ನಿಂತವರು ಹೇಳಿದ್ದನ್ನು ಇಂಗ್ಲಿಷ್ ಕಿವಿ ಕೇಳಿಸಿಕೊಂಡಂತೆ ರೋಮನ್ ಲಿಪಿಯಲ್ಲಿ ಬರೆದುಕೊಳ್ಳುವುದೇ ಸರ್ವೇಯ ಪದ್ಧತಿಯಾಯಿತು.

ನಷ್ಟವಾದದ್ದು ಇಲ್ಲೇ. ‘ಪೋಡು’ ಎಂಬುದನ್ನು ರೋಮನ್ ಲಿಪಿಯಲ್ಲಿ ನಾಲ್ಕು ಅಕ್ಷರಗಳಲ್ಲಿ ಬರೆಯುತ್ತಾರೆ. ಅದರಲ್ಲಿ ಎರಡನೆಯದು ಒ ಆಗಬಹುದು, ಓ ಆಗಬಹುದು. ಮೂರನೆಯದು ಡ ಆಗಬಹುದು, ದ ಆಗಬಹುದು. ಆದ್ದರಿಂದ ಅದನ್ನು ಯಂತ್ರಕ್ಕೆ ಕೊಟ್ಟು ಕನ್ನಡಕ್ಕೆ ತಿರುಗಿಸಿದರೆ ಪೋಡು, ಪೊಡು, ಪೋದು, ಪೊದು ಎಂಬ ನಾಲ್ಕು ಉತ್ತರಗಳೂ ಸಾಧ್ಯ. ಹೆಸರು ಉದ್ದವಾದಷ್ಟೂ ಈ ಸಂಖ್ಯೆ ದುಪ್ಪಟ್ಟಾಗುತ್ತ ಹೋಗುತ್ತದೆ. ಮುತ್ತುಗದಗದ್ದೆ, ಯರಕನಗದ್ದೆಗಳಂಥ ಹೆಸರುಗಳಲ್ಲಿ ಎಷ್ಟು ಕವಲು ಒಡೆಯುತ್ತವೆ ಎಂದು ನೀವೇ ಎಣಿಸಿ ನೋಡಿ. ಬೀಸಿದ ಹಿಟ್ಟಿನಿಂದ ರಾಗಿಕಾಳನ್ನು ಮರಳಿ ಪಡೆಯಲಾಗದ ಹಾಗೆ, ಹ್ರಸ್ವದೀರ್ಘಗಳನ್ನೂ ಲ-ಳ, ನ-ಣ ಭೇದಗಳನ್ನೂ ಅಳಿಸಿದ ಬರಹದಿಂದ ಮೂಲ ಉಚ್ಚಾರ ಮರಳಿ ಬರುವುದಿಲ್ಲ. ಕಂಪ್ಯೂಟರ್ ಎಷ್ಟೇ ಚುರುಕಾಗಿರಲಿ, ಇಲ್ಲದ ಮಾಹಿತಿಯನ್ನು ಊಹಿಸಬಹುದೇ ಹೊರತು ಹುಡುಕಲಾಗದು. ಹಾಗಾಗಿ ಮೊದಲ ಬರಹವೇ ಕನ್ನಡ ಲಿಪಿಯಲ್ಲಿ, ಹೇಳುವವರ ಎದುರಿನಲ್ಲೇ ಆಗಬೇಕು. ಧ್ವನಿಯನ್ನೂ ಮುದ್ರಿಸಿಕೊಂಡರೆ ಇನ್ನೂ ಒಳ್ಳೆಯದು.

2004ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ, ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇದಕ್ಕೆ ಸೊಗಸಾದ ವ್ಯವಸ್ಥೆಯಿದೆ. ಅಲ್ಲಿ ಒಂದು ಬಿಂದುವಿಗೆ ಎಷ್ಟು ಹೆಸರುಗಳನ್ನಾದರೂ ಭಾಷೆಯ ಸಂಕೇತದೊಡನೆ ಸೇರಿಸಬಹುದು. ಕನ್ನಡದ ಸಂಕೇತ ಕೆಎನ್. ಸೋಲಿಗ ಭಾಷೆಗೂ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಎಸ್‌ಎಲ್‌ಇ ಎಂಬ ಸ್ವಂತ ಸಂಕೇತವಿದೆ. ಸರ್ಕಾರಿ ಹೆಸರು, ಹಳೆಯ ಹೆಸರು, ಸೋಲಿಗರ ಹೆಸರು ಒಂದನ್ನೊಂದು ತಳ್ಳದೆ ಒಟ್ಟಿಗೇ ಇರುತ್ತವೆ. ಸ್ಥಳದಲ್ಲಿ ಫಲಕವಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ, ಆ ಹೆಸರಿನಿಂದ ಕರೆಯುವ ಜನರೇ ಅಲ್ಲಿನ ಫಲಕ ಎಂದು ಉತ್ತರಿಸಬೇಕು.

ತೊಡಕು ಬಿಂದುವಿನಲ್ಲಿದೆ. ಈ ನಕ್ಷೆ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಏಳು ಸ್ಥಾನಗಳವರೆಗೆ ಉಳಿಸಿಕೊಳ್ಳುತ್ತದೆ, ಅಂದರೆ ನೆಲದ ಮೇಲೆ ಸುಮಾರು ಒಂದು ಸೆಂಟಿಮೀಟರ್. ಮೊಬೈಲ್ ಅಷ್ಟು ನಿಖರವೆಂದು ನಂಬಬೇಡಿ. 20,200 ಕಿಲೋಮೀಟರ್ ಎತ್ತರದ ಜಿಪಿಎಸ್ ಉಪಗ್ರಹದಿಂದ ಬರುವ ಸಂಕೇತ ಬಂಡೆಗೆ, ಕಾಂಡಕ್ಕೆ ಬಡಿದು ಸುತ್ತಿ ಬಂದು 100 ನ್ಯಾನೊಸೆಕೆಂಡ್ ತಡವಾದರೂ ಸಾಕು, ಆ ಉಪಗ್ರಹದ ದೂರದ ಲೆಕ್ಕ 30 ಮೀಟರ್ ತಪ್ಪುತ್ತದೆ. ಭಾರ್ಗವಿ ಹೊಳೆಯ ದಡದಲ್ಲಿ, ಬುಡದ ಸುತ್ತ ಲಿಂಗಗಳನ್ನಿಟ್ಟು ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರಕ್ಕೆ ಒಂದು ಬಿಂದು ಸಾಕು. ಯೆಲ್ಲೆಗೆ ಸಾಲದು. ಅದರ ಅಂಚು ಎಲ್ಲಿ ಎಂದು ಕೇಳಿದರೆ ಸಿಗುವ ಉತ್ತರ ಒಂದು ಹಳ್ಳ ಅಥವಾ ಒಂದು ದಿಣ್ಣೆಯ ನೆತ್ತಿ. ಅದನ್ನು ಗೆರೆ ಕೊರೆದು ಬೇಲಿಯಂತೆ ತೋರಿಸಿದರೆ ಇಲ್ಲದ ಜಗಳವನ್ನು ನಾವೇ ಹುಟ್ಟಿಸಿದಂತೆ.

ಉತ್ಸಾಹಿಗಳು ಗಮನಿಸದ ಇನ್ನೊಂದು ವಿಷಯ ನನ್ನನ್ನು ನಿಜವಾಗಿ ಕಾಡುತ್ತದೆ. ಸಾರ್ವಜನಿಕ ನಕ್ಷೆಯಿಂದ ಬಿಂದುವನ್ನು ಅಳಿಸಿದರೂ ಅದರ ಹಿಂದಿನ ಆವೃತ್ತಿ ಇತಿಹಾಸದಲ್ಲಿ ಉಳಿದಿರುತ್ತದೆ. ಅಷ್ಟರಲ್ಲಿ ಇಡೀ ದತ್ತಾಂಶವನ್ನು ಯಾರಾದರೂ ಇಳಿಸಿಕೊಂಡಿರುತ್ತಾರೆ. ಹೆಜ್ಜೇನು ಕಟ್ಟುವ ಬಂಡೆಯನ್ನೋ ಹೊರಗಿನವರು ಕಾಲಿಡಬಾರದ ನೆಲೆಯನ್ನೋ ಒಮ್ಮೆ ಹಾಕಿದರೆ ಹಿಂದಕ್ಕೆ ಪಡೆಯಲು ದಾರಿಯಿಲ್ಲ. ಮೂಲನಿವಾಸಿಗಳ ದತ್ತಾಂಶದ ಮೇಲೆ ಅವರದ್ದೇ ಅಧಿಕಾರ ಇರಬೇಕು ಎಂದು 2019ರಲ್ಲಿ ಪ್ರಕಟವಾದ ‘ಕೇರ್’ ತತ್ವಗಳು ಹೇಳುವುದು ಇದಕ್ಕಾಗಿಯೇ. ಆದ್ದರಿಂದ ಪೋಡು, ಹಳ್ಳ, ಕಾಲುದಾರಿಗಳ ಹೆಸರುಗಳನ್ನು ಮೊದಲು ಗ್ರಾಮಸಭೆಯಲ್ಲಿ ಓದಿ ಹೇಳಿ, ಒಪ್ಪಿಗೆ ಪಡೆದು ಸಾರ್ವಜನಿಕ ನಕ್ಷೆಗೆ ಸೇರಿಸಬೇಕು. ಜೇನುಬಂಡೆಗಳ ಪಟ್ಟಿ ಪೋಡಿನ ಕಡತದಲ್ಲೇ ಇರಲಿ. ಅದನ್ನು ಯಾರಿಗೆ ತೋರಿಸಬೇಕು ಎಂಬುದನ್ನು ಜೇನು ಕೀಳುವವರೇ ತೀರ್ಮಾನಿಸುತ್ತಾರೆ.