ಒಲಿಂಪಿಕ್ ಚಿನ್ನ ಗೆದ್ದವರು ಕಾಲೇಜು ತಂಡಕ್ಕೆ ಕೋಚ್ ಯಾಕಾಗ್ತಾರೆ?

ಓದುಗರ ಪ್ರಶ್ನೆ: ಡಾನ್ ಸ್ಟೇಲಿ ಬ್ಯಾಸ್ಕೆಟ್‌ಬಾಲ್‌ನಲ್ಲಿ ಅಮೆರಿಕಕ್ಕೆ ಮೂರು ಒಲಿಂಪಿಕ್ ಚಿನ್ನ ಗೆದ್ದುಕೊಟ್ಟವರು. ಅಂಥವರು ಹೋಗಿ ಹೋಗಿ ಕಾಲೇಜು ಹುಡುಗಿಯರಿಗೆ ಕೋಚ್ ಆಗಿದ್ದಾರಲ್ಲ, ಇದು ಮೆಟ್ಟಿಲು ಇಳಿದ ಹಾಗಲ್ವಾ?

ಇಂಥ ಪ್ರಶ್ನೆ ಆಗಾಗ ಬರುತ್ತದೆ. ಕಾಲೇಜು ಕೋಚ್ ಅಂದ ಕೂಡಲೇ ನಮಗೆ ನೆನಪಾಗುವುದು ಕೊರಳಿಗೆ ವಿಷಲ್ ನೇತುಹಾಕಿಕೊಂಡ ಪಿ.ಟಿ. ಮೇಷ್ಟ್ರು. ಅಮೆರಿಕದಲ್ಲಿ ಲೆಕ್ಕವೇ ಬೇರೆ. 2025ರ ಜನವರಿಯಲ್ಲಿ ಸೌತ್ ಕೆರೊಲಿನಾ ವಿಶ್ವವಿದ್ಯಾಲಯ ಸ್ಟೇಲಿ ಅವರಿಗೆ ಕೊಟ್ಟ ಹೊಸ ಒಪ್ಪಂದದಲ್ಲಿ ಸಂಬಳ ವರ್ಷಕ್ಕೆ ಸುಮಾರು 40 ಲಕ್ಷ ಡಾಲರ್. ಅದೇ ವರ್ಷ ಮಹಿಳಾ ವೃತ್ತಿಪರ ಲೀಗ್ ಡಬ್ಲ್ಯುಎನ್‌ಬಿಎಯಲ್ಲಿ ಅತಿ ದೊಡ್ಡ ತಾರೆಗೂ ಸಿಗಬಹುದಾಗಿದ್ದ ಗರಿಷ್ಠ ಸಂಬಳ ಸುಮಾರು 2.5 ಲಕ್ಷ ಡಾಲರ್. ಇಳಿದಿದ್ದು ಯಾವ ಮೆಟ್ಟಿಲು, ಹೇಳಿ!

ಇದಕ್ಕೆ ಕಾರಣ ಇತಿಹಾಸದಲ್ಲಿದೆ. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳು ಹೆಣ್ಣು ಗಂಡೆಂದು ಭೇದ ಮಾಡಬಾರದು ಎಂಬ ಕಾನೂನು ಅಲ್ಲಿ ಬಂದಿದ್ದು 1972ರಲ್ಲಿ. ಕಾಲೇಜುಗಳು ಹುಡುಗಿಯರ ತಂಡಕ್ಕೂ ದುಡ್ಡು ಸುರಿಯಬೇಕಾಯಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎಯ ಮಹಿಳಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್ 1982ರಲ್ಲಿ ಶುರುವಾಯಿತು. ಡಬ್ಲ್ಯುಎನ್‌ಬಿಎ ಮೊದಲ ಪಂದ್ಯ ನಡೆದಿದ್ದು 1997ರಲ್ಲಿ. ಅಂದರೆ ಈ ಮನೆಯಲ್ಲಿ ಕಾಲೇಜೇ ಅಕ್ಕ, ಲೀಗ್ ಆಮೇಲೆ ಹುಟ್ಟಿದ ತಂಗಿ. 1992ರಲ್ಲಿ ಸ್ಟೇಲಿ ವರ್ಜೀನಿಯಾ ವಿಶ್ವವಿದ್ಯಾಲಯದಿಂದ ಹೊರಬಂದಾಗ ದೇಶದಲ್ಲಿ ಆಡಲು ಲೀಗೇ ಇರಲಿಲ್ಲ. ಫ್ರಾನ್ಸ್, ಇಟಲಿ, ಸ್ಪೇನ್, ಬ್ರೆಜಿಲ್ ಅಂತ ಸುತ್ತಿ ಆಡಿದರು.

ಕೋಚ್ ಆಗುವ ಆಸೆಯೂ ಅವರಿಗಿರಲಿಲ್ಲ. 2000ದಲ್ಲಿ ಅವರ ಹುಟ್ಟೂರು ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯ ಕರೆದಾಗ ಮೊದಲು ಬೇಡ ಅಂದರು. ಸೋಲುತ್ತಲೇ ಇದ್ದ ತಂಡ ಅದು. ಅದನ್ನು ಎತ್ತಿ ನಿಲ್ಲಿಸೋಕೆ ನಿಮ್ಮಿಂದ ಆಗುತ್ತಾ ಎಂದು ಅಲ್ಲಿನ ಕ್ರೀಡಾ ವಿಭಾಗದ ಮುಖ್ಯಸ್ಥರು ಕೆಣಕಿದರು. ಸವಾಲು ಹಾಕಿದರೆ ಬಿಡುವ ಪೈಕಿ ಅಲ್ಲ ಈಕೆ. ಮುಂದಿನ ಆರು ವರ್ಷ ಎರಡೂ ಕೆಲಸ ಮಾಡಿದರು: ಚಳಿಗಾಲದಲ್ಲಿ ಟೆಂಪಲ್‌ಗೆ ಕೋಚ್, ಬೇಸಿಗೆಯಲ್ಲಿ ಲೀಗ್‌ನ ಆಟಗಾರ್ತಿ. ಎರಡರ ಋತು ಬೇರೆ ಬೇರೆ ಆದ್ದರಿಂದ ಇದು ಸಾಧ್ಯವಾಯಿತು. ನಡುವೆ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ದೇಶದ ಧ್ವಜ ಹಿಡಿದು ನಡೆದು, ಮೂರನೇ ಚಿನ್ನವನ್ನೂ ಗೆದ್ದು ಬಂದರು. ಟೆಂಪಲ್ ಬಿಡುವಷ್ಟರಲ್ಲಿ ತಂಡ ಆರು ಸಲ ಎನ್‌ಸಿಎಎ ಟೂರ್ನಿಗೆ ಹೋಗಿತ್ತು.

ದೊಡ್ಡ ಆಟಗಾರರೆಲ್ಲ ಒಳ್ಳೆ ಕೋಚ್ ಆಗುವುದಿಲ್ಲ, ಗೊತ್ತಿರೋದೇ. ಸ್ಟೇಲಿ ಐದೂವರೆ ಅಡಿಯ ಪಾಯಿಂಟ್ ಗಾರ್ಡ್. ಚೆಂಡು ತಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿರ್ಧರಿಸುವ ಜಾಗ ಅದು. ಅಂಕಣದಲ್ಲೇ ಅರ್ಧ ಕೋಚಿಂಗ್ ಮಾಡಿಕೊಂಡೇ ಬಂದಿದ್ದರು ಅನ್ನುವುದು ನನ್ನ ಲೆಕ್ಕ. ಇನ್ನೊಂದು ಹಸಿವೂ ಉಳಿದಿತ್ತು. 1991ರ ಕಾಲೇಜು ಫೈನಲ್‌ನಲ್ಲಿ ವರ್ಜೀನಿಯಾ ಹೆಚ್ಚುವರಿ ಅವಧಿಯಲ್ಲಿ ಟೆನೆಸಿ ಎದುರು 67-70ರಿಂದ ಸೋತಿತು. ಟೂರ್ನಿಯ ಶ್ರೇಷ್ಠ ಆಟಗಾರ್ತಿ ಸ್ಟೇಲಿಯೇ, ಆದರೆ ಕಪ್ ಇಲ್ಲ. ಆಟಗಾರ್ತಿಯಾಗಿ ಕಾಲೇಜು ಚಾಂಪಿಯನ್‌ಷಿಪ್ ಅವರಿಗೆ ಕೊನೆಗೂ ದಕ್ಕಲಿಲ್ಲ.

2008ರಲ್ಲಿ ಸೌತ್ ಕೆರೊಲಿನಾಗೆ ಬಂದರು. ಮೊದಲ ವರ್ಷ 10 ಗೆಲುವು, 18 ಸೋಲು. ಎರಡನೇ ವರ್ಷವೂ ಗೆಲುವಿಗಿಂತ ಸೋಲೇ ಜಾಸ್ತಿ. ಇಲ್ಲಿ ಕಾಲೇಜು ಕೋಚ್‌ನ ನಿಜವಾದ ಕೆಲಸ ಅರ್ಥವಾಗುತ್ತದೆ. ಒಳ್ಳೆ ಹುಡುಗಿಯರು ಬೇಕಿದ್ದರೆ ಹೈಸ್ಕೂಲುಗಳಿಗೆ ಹೋಗಿ ನೋಡಬೇಕು, ಮನೆಯವರನ್ನು ಒಪ್ಪಿಸಬೇಕು, ಬೇರೆ ಕಾಲೇಜಿನವರು ಹಾರಿಸಿಕೊಂಡು ಹೋಗದಂತೆ ನೋಡಿಕೊಳ್ಳಬೇಕು. ವಿಶ್ವವಿದ್ಯಾಲಯ ಇರುವ ಕೊಲಂಬಿಯಾದ ಪಕ್ಕದ ಹಾಪ್ಕಿನ್ಸ್‌ನ ಹೈಸ್ಕೂಲು ಆಟಗಾರ್ತಿ ಏಜಾ ವಿಲ್ಸನ್‌ಗೆ ದೇಶದ ದೊಡ್ಡ ಕಾಲೇಜುಗಳೆಲ್ಲ ಗಾಳ ಹಾಕಿದ್ದವು. 2014ರಲ್ಲಿ ಆಕೆ ಮನೆ ಹತ್ತಿರದ ಸ್ಟೇಲಿ ತಂಡವನ್ನೇ ಆರಿಸಿಕೊಂಡಳು. 2017ರಲ್ಲಿ ಮೊದಲ ಚಾಂಪಿಯನ್‌ಷಿಪ್ ಬಂತು. ಎರಡನೆಯದು 2022ರಲ್ಲಿ.

ಇಷ್ಟಾದರೂ ಯಾವುದೂ ಕೈಯಲ್ಲಿ ಉಳಿಯುವುದಿಲ್ಲ. ನಾಲ್ಕೈದು ವರ್ಷ ತಿದ್ದಿ ತೀಡಿದ ಹುಡುಗಿ ಡಿಗ್ರಿ ಮುಗಿಸಿ ಹೊರಟುಬಿಡುತ್ತಾಳೆ. 2023ರಲ್ಲಿ ಸ್ಟೇಲಿ ತಂಡ 36 ಪಂದ್ಯ ಗೆದ್ದು ಸೆಮಿಫೈನಲ್ ಒಂದನ್ನು ಸೋತಿತು. ಮೊದಲಿಗೆ ಅಂಕಣಕ್ಕಿಳಿಯುತ್ತಿದ್ದ ಐವರೂ ಒಟ್ಟಿಗೆ ಹೋದರು. ಮುಂದಿನ ವರ್ಷ ಕಥೆ ಮುಗಿಯಿತು ಅಂದುಕೊಂಡವರೇ ಹೆಚ್ಚು. ಆದರೆ ಹೊಸ ತಂಡ ಆಡಿದ 38 ಪಂದ್ಯವನ್ನೂ ಗೆದ್ದಿತು! ಒಂದು ಮಾತ್ರ ಕೂದಲೆಳೆಯಲ್ಲಿ ಉಳಿದಿದ್ದು. ಟೆನೆಸಿ ಎದುರು ಎರಡು ಅಂಕ ಹಿಂದೆ, ಉಳಿದಿದ್ದು 1.1 ಸೆಕೆಂಡ್. ಬುಟ್ಟಿಯ ಕೆಳಗೆ ಆಡುವ ಎತ್ತರದ ಆಟಗಾರ್ತಿ ಕಮಿಲ್ಲಾ ಕಾರ್ಡೋಸೊ ದೂರದಿಂದ ಎಸೆದ ಚೆಂಡು ಬೋರ್ಡಿಗೆ ಬಡಿದು ಒಳಗೆ ಬಿತ್ತು. ಕಾಲೇಜು ಆಟದಲ್ಲಿ ಆಕೆ ಹಾಕಿದ ಮೊಟ್ಟಮೊದಲ ಮೂರು ಅಂಕದ ಬುಟ್ಟಿ ಅದು. ಸುಮ್ನೆ ಅದೃಷ್ಟ ಅನ್ನಬಹುದು. ಉಳಿದ 37 ಗೆಲುವಿಗೆ ಆ ಮಾತು ಹೊಂದುವುದಿಲ್ಲ.

ಸಂಬಳದಲ್ಲಿ ಕಾಣದ ಇನ್ನೊಂದು ವಿಷಯ ಹೇಳಬೇಕು. ಚಾಂಪಿಯನ್ ಆದ ತಂಡ ಬುಟ್ಟಿಯ ಬಲೆಯನ್ನು ಕತ್ತರಿಸಿಕೊಂಡು ಹೋಗುವುದು ಅಲ್ಲಿನ ರೂಢಿ. 1999ರಲ್ಲಿ ಪರ್ಡ್ಯೂ ತಂಡವನ್ನು ಗೆಲ್ಲಿಸಿ, ಈ ಚಾಂಪಿಯನ್‌ಷಿಪ್ ಗೆದ್ದ ಮೊದಲ ಕಪ್ಪು ಮಹಿಳಾ ಕೋಚ್ ಆದವರು ಕ್ಯಾರೊಲಿನ್ ಪೆಕ್. ಅವರು ತಮ್ಮ ಬಲೆಯ ತುಂಡೊಂದನ್ನು ಸ್ಟೇಲಿಗೆ ಕೊಟ್ಟು, ನೀವು ಗೆದ್ದಾಗ ವಾಪಸ್ ಕೊಡಿ ಅಂದಿದ್ದರು. 2017ರಲ್ಲಿ ಗೆದ್ದ ಸ್ಟೇಲಿ, ಮುಂದೆ ತಮ್ಮ ಬಲೆಯನ್ನು ತುಂಡು ಮಾಡಿ ದೇಶದ ಕಾಲೇಜು ತಂಡಗಳ ಕಪ್ಪು ಮಹಿಳಾ ಕೋಚ್‌ಗಳಿಗೆ ಕಳಿಸಿಕೊಟ್ಟರು.

ಹಾಗಂತ ಕಾಲೇಜು ಬಿಟ್ಟು ಹೋಗಲೇಬಾರದು ಅಂತ ಅವರೇನೂ ಶಪಥ ಮಾಡಿಲ್ಲ. 2025ರ ಬೇಸಿಗೆಯಲ್ಲಿ ಪುರುಷರ ಎನ್‌ಬಿಎ ತಂಡ ನ್ಯೂಯಾರ್ಕ್ ನಿಕ್ಸ್‌ನ ಕೋಚ್ ಹುದ್ದೆಗೆ ಸಂದರ್ಶನ ಕೊಟ್ಟಿದ್ದರು. ಸಿಕ್ಕಿದ್ದರೆ ಒಪ್ಪಿಕೊಳ್ಳುತ್ತಿದ್ದೆ ಎಂದು ಆಮೇಲೆ ಬಾಯಿಬಿಟ್ಟೇ ಹೇಳಿದರು. ಆ ಕೆಲಸ ಮೈಕ್ ಬ್ರೌನ್ ಪಾಲಾಯಿತು.